ಹಳೆ ಲಾಂಗ್‌ಬೋ ನೋಡಲು ಹೋದೆ, ನಾಲ್ಕು ಬಾಣಕ್ಕೇ ಮೊಣಕೈವರೆಗೆ ಜುಮ್ಮೆಂದಿತು. ದೋಷ ಬಿಲ್ಲಿನದೋ, ನನ್ನದೋ?

ಹೆದೆಯೇರಿಸಿದವ
ಎಲ್ಲರಿಗೂ ನಮಸ್ಕಾರ. ಊರು ಸಾಗರದ ಹತ್ತಿರ, ಈಗಿರುವುದು ಪೆನ್ಸಿಲ್ವೇನಿಯಾ. ಮೂರು ವರ್ಷದಿಂದ ಕ್ಲಬ್ಬಿನ 35 ಪೌಂಡ್ ಎಳೆತದ ರಿಕರ್ವ್‌ನಲ್ಲಿ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ಬಾಣ ಬಿಡುತ್ತಿದ್ದವನಿಗೆ ಈಗ ಲಾಂಗ್‌ಬೋ ಹುಚ್ಚು ಹತ್ತಿದೆ. ಹೊಸದಕ್ಕೆ ಮನೆಯಲ್ಲಿ ಮಂಜೂರಾತಿ ಸಿಕ್ಕಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್.

ಇಲ್ಲಿಂದ ಒಂದು ಗಂಟೆ ದಾರಿಯಲ್ಲಿ ಒಬ್ಬ ಅಜ್ಜನ ಬಳಿ ಎರಡು ಬಿಲ್ಲು ಮಾರಾಟಕ್ಕಿವೆ. ಒಂದು ಅಮೆರಿಕದ ಬಿಲ್ಲುಗಾರ ಹೋವರ್ಡ್ ಹಿಲ್ ಮಾದರಿಯದು: ನೇರ ಲಿಂಬ್ (ಹಿಡಿಯ ಎರಡೂ ಕಡೆಯ ತೋಳು), ಬಿದಿರಿನ ಕೋರ್, 68 ಇಂಚು, ಲಿಂಬ್ ಮೇಲೆ ಕೈಬರಹದಲ್ಲಿ 28 ಇಂಚಿಗೆ 50 ಪೌಂಡ್ ಎಂದಿದೆ. ಎಂಬತ್ತರ ದಶಕದ್ದಂತೆ. 250 ಡಾಲರ್. ಇನ್ನೊಂದು ರಿಫ್ಲೆಕ್ಸ್-ಡಿಫ್ಲೆಕ್ಸ್, ಲಿಂಬ್ ಹಿಂದಕ್ಕೂ ಮುಂದಕ್ಕೂ ಬಾಗಿದ್ದು, 62 ಇಂಚು, 45 ಪೌಂಡ್, ಹತ್ತು ವರ್ಷದ್ದು. 380 ಡಾಲರ್.

ಮೊದಲನೆಯದರಲ್ಲಿ ನಾಲ್ಕು ಬಾಣ ಬಿಟ್ಟೆ. ತೋಟದಲ್ಲಿ ಗುಂಡಿ ತೆಗೆಯುವಾಗ ಹಾರೆ ಬಂಡೆಗೆ ತಾಗಿದರೆ ಕೈ ಹೇಗೆ ಜುಮ್ಮೆನ್ನುತ್ತದೆ ಗೊತ್ತಲ್ಲ, ಅಚ್ಚು ಅದೇ. ಎರಡನೆಯದು ಬೆಣ್ಣೆ. ಆದರೆ ಕಣ್ಣು ಹೋಗುತ್ತಿರುವುದು ಮೊದಲನೆಯದರ ಮೇಲೆಯೇ. ಅಷ್ಟು ಸಪೂರ, ಅಷ್ಟು ಹಗುರ. ನನ್ನ ಎಳೆತ ಇಪ್ಪತ್ತಾರೂವರೆ ಇಂಚು. ಬಿಟ್ಟದ್ದು ನನ್ನ ರಿಕರ್ವ್‌ನ ಕಾರ್ಬನ್ ಬಾಣಗಳು. ಬಾಣ ಬಿಟ್ಟಾಗ ಕೈಗೆ ಹೊಡೆಯುವ ಈ ಹ್ಯಾಂಡ್‌ಶಾಕ್ ಅನ್ನುವುದು ಆ ಬಿಲ್ಲಿನ ಹುಟ್ಟುಗುಣವೋ, ರಿಪೇರಿ ಆಗುವಂಥದ್ದೋ?

ಕೊಡಲಿಕಾವು
ಮಿಷಿಗನ್‌ನಿಂದ. ಲಾಂಗ್‌ಬೋ ಹಿಡಿದು ಇಪ್ಪತ್ತು ವರ್ಷ ದಾಟಿತು. ಉತ್ತರಕ್ಕೆ ಮುಂಚೆ ಮೂರು ಪ್ರಶ್ನೆ.

ಬ್ರೇಸ್ ಹೈಟ್ ಅಳೆದಿರಾ? ಹೆದೆ ಏರಿಸಿದ ಮೇಲೆ ಹಿಡಿಯ ಆಳದ ಭಾಗದಿಂದ ಹೆದೆಗೆ ಎಷ್ಟು ಇಂಚು? ನಿಮ್ಮ ಬಾಣ ಒಂದೊಂದೂ ಎಷ್ಟು ಗ್ರಾಂ? ಬಿಲ್ಲನ್ನು ಹಿಡಿದದ್ದು ಹೇಗೆ? ರಿಕರ್ವ್ ಹಿಡಿದ ಹಾಗೆ ಬೆರಳು ಬಿಟ್ಟುಕೊಂಡು, ಹೆಬ್ಬೆರಳ ಬುಡದಲ್ಲಿ ಒತ್ತಿಕೊಂಡೋ?

ಮೂರಕ್ಕೂ ಉತ್ತರ ಗೊತ್ತಿಲ್ಲದೆ ಬಿಲ್ಲಿಗೆ ಹೆಸರಿಡುವುದು ಬೇಡ. ನೇರ ಲಾಂಗ್‌ಬೋಗೆ ಕೈಗೆ ಹೊಡೆಯುವುದು ಅಂತ ಎಲ್ಲರೂ ಅಂಟಿಸಿರುವ ಕೆಟ್ಟ ಹೆಸರಿನಲ್ಲಿ ಅರ್ಧಕ್ಕರ್ಧ ಹೀಗೆ ನಾಲ್ಕು ಬಾಣ ಬಿಟ್ಟು ಬಂದವರದ್ದೇ.

ಹೆದೆಯೇರಿಸಿದವ
ಬ್ರೇಸ್ ಹೈಟ್ ಅಳೆಯಲಿಲ್ಲ, ತಪ್ಪಾಯಿತು. ಬಾಣವನ್ನು ಈಗಷ್ಟೇ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ, 22 ಗ್ರಾಂ. ಹಿಡಿತ ನೀವಂದ ಹಾಗೆಯೇ, ರಿಕರ್ವ್ ಹಿಡಿತ.

ಮೇಷ್ಟ್ರಗಣಿತ
ಹಾಗಾದರೆ ಅರ್ಧ ಕಾರಣ ತಕ್ಕಡಿಯ ಮೇಲೇ ಇದೆ.

ಎಳೆದಾಗ ಲಿಂಬ್‌ಗಳಲ್ಲಿ ಶಕ್ತಿ ಕೂಡಿಕೊಳ್ಳುತ್ತದೆ. ಬಿಟ್ಟಾಗ ಅದರಲ್ಲಿ ಒಂದು ಪಾಲನ್ನು ಬಾಣ ಹೊತ್ತೊಯ್ಯುತ್ತದೆ. ಆದರೆ ಆ ಹೊತ್ತಿಗೆ ಲಿಂಬ್ ಮತ್ತು ಹೆದೆ ತಾವೂ ಓಡುತ್ತಿರುತ್ತವಲ್ಲ, ಅವುಗಳ ಪಾಲು ಅವುಗಳಲ್ಲೇ ಉಳಿಯುತ್ತದೆ. ಹೆದೆ ಸೆಟೆದು ಲಿಂಬ್ ಗಕ್ಕನೆ ನಿಂತಾಗ ಆ ಪಾಲು ಹಿಡಿಯಿಂದ ಕೈಗೆ ಬರುತ್ತದೆ, ಸದ್ದಾಗಿ ಕಿವಿಗೂ ಬರುತ್ತದೆ.

ಇದನ್ನು ಲೆಕ್ಕಕ್ಕೆ ಇಳಿಸಿದವರು ಅಮೆರಿಕದ ಭೌತವಿಜ್ಞಾನಿ ಪಾಲ್ ಕ್ಲಾಪ್‌ಸ್ಟೆಗ್. ಬಿಲ್ಲಿನ ಓಡುವ ಭಾಗಗಳೆಲ್ಲ ಸೇರಿ ಬಾಣಕ್ಕೆ ಅಂಟಿಕೊಂಡ ಇನ್ನೊಂದು ಕಾಣದ ತೂಕದ ಹಾಗೆ ವರ್ತಿಸುತ್ತವೆ ಎಂದು ಅವರು ತೋರಿಸಿದರು. ಅದಕ್ಕೆ ವರ್ಚುವಲ್ ಮಾಸ್ ಎಂದು ಹೆಸರು. ಒಂದು ಬಿಲ್ಲಿಗೆ ಒಂದು ಎಳೆತದಲ್ಲಿ ಅದು ಹೆಚ್ಚುಕಡಿಮೆ ಸ್ಥಿರ.

ಉದಾಹರಣೆಗೆ ನಿಮ್ಮ ಬಿಲ್ಲಿನ ಕಾಣದ ತೂಕ 10 ಗ್ರಾಂ ಅಂತಿಟ್ಟುಕೊಳ್ಳಿ. 22 ಗ್ರಾಂ ಬಾಣ ಹಾಕಿದರೆ ಅದು ಒಯ್ಯುವ ಪಾಲು 32ರಲ್ಲಿ 22, ಅಂದರೆ ಶೇ. 69. ಬಿಲ್ಲಿನಲ್ಲಿ ಉಳಿಯುವುದು ಶೇ. 31. ಅದೇ ಬಿಲ್ಲಿಗೆ 31 ಗ್ರಾಂ ಬಾಣ ಹಾಕಿ: 41ರಲ್ಲಿ 31, ಶೇ. 76 ಹೊರಗೆ ಹೋಯಿತು, ಉಳಿದದ್ದು ಶೇ. 24. ಕೈಗೆ ಬರಬೇಕಾದ್ದರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಬರೀ ಬಾಣ ಬದಲಿಸಿದ್ದಕ್ಕೇ ಕಡಿಮೆಯಾಯಿತು. ಬಾಣದ ವೇಗ ಶೇ. 12ರಷ್ಟು ಇಳಿಯುತ್ತದೆ, ಅದು ಬೇರೆ ಮಾತು.

ಇನ್ನೊಂದು ಕಾರಣ ನೀವೇ ಹೊಗಳಿದ ಗುಣ, ಆ ಹಗುರತನ. ಲೋಹದ ರೈಸರ್ (ಬಿಲ್ಲಿನ ನಡುವಿನ ಗಟ್ಟಿ ಭಾಗ) ಇರುವ ರಿಕರ್ವ್‌ನ ಹಿಡಿಯಲ್ಲೇ ತೂಕ ಕೂತಿರುತ್ತದೆ, ಅದು ಹೊಡೆತವನ್ನು ನುಂಗುತ್ತದೆ. ಲಾಂಗ್‌ಬೋ ಇಡೀ ಸೇರಿ ಅರ್ಧ ಕಿಲೋ, ಹೆಚ್ಚೆಂದರೆ ಮುಕ್ಕಾಲು. ನುಂಗಲು ಅಲ್ಲಿ ಏನಿದೆ? ನಿಮ್ಮ ಅಂಗೈ ಇದೆ.

ಧಾರವಾಡದ ಪೇಡೆ
ಮೇಷ್ಟ್ರ, ಲೆಕ್ಕ ಛಲೋ ಐತಿ, ಒಪ್ಪಿದೆ. ಆದ್ರ ನಾ ಬ್ಯಾರೇನೇ ಕೇಳ್ತೀನ್ರೀ. 35 ಪೌಂಡಿಂದ ಒಮ್ಮಿಗೇ 50ಕ್ಕ ಜಿಗಿಯೋದು ಯಾಕ? 50 ಪೌಂಡ್ ಅಂದ್ರ ಎಷ್ಟು ಗೊತ್ತೇನ್ರೀ, ಊರಿಗೆ ಬರೋ ಮುಂದ ಏರ್‌ಪೋರ್ಟಿನ್ಯಾಗ ಚೆಕ್-ಇನ್ ಮಾಡ್ತೀರಲ್ಲ, ಆ ತುಂಬಿದ ಸೂಟ್‌ಕೇಸು. ಅದನ್ನ ಮೂರು ಬೆರಳಿಲೆ ಎಳದು ಗಲ್ಲಕ್ಕ ಹಚ್ಚಿ, ನಿಂತು, ಗುರಿ ನೋಡಬೇಕು. ಹತ್ತು ಬಾಣ ಆದಮ್ಯಾಲ ಕೈ ನಡುಗತೈತಿ. ನಡುಗೋ ಕೈ ಬಿಲ್ಲನ್ನ ಗಟ್ಟಿ ಅಪ್ಪತೈತಿ. ಗಟ್ಟಿ ಅಪ್ಪಿದ್ರ ಹೊಡತ ಸೀದಾ ಮೊಣಕೈಗೆ.

ಗಾಂಡೀವದ ಠೇಂಕಾರಕ್ಕ ಮೂರು ಲೋಕ ನಡುಗಿದ್ವು ಅಂತಾರ. ಅರ್ಜುನನ ಮೊಣಕೈ ಏನಾತು, ಯಾರೂ ಕೇಳ್ಲಿಲ್ಲ.

ಕೊಡಲಿಕಾವು
ಮೊಣಕೈ ಗೊತ್ತಿಲ್ಲ, ಮುಂಗೈದು ಬರೆದಿದ್ದಾರೆ! ವಿರಾಟಪರ್ವದಲ್ಲಿ ಬೃಹನ್ನಳೆಯಾಗಲು ಹೊರಟಾಗ, ಹೆದೆ ಉಜ್ಜಿ ಉಜ್ಜಿ ತೋಳಿನ ಮೇಲೆ ಆದ ಕಲೆಗಳನ್ನು ಬಳೆ ತೊಟ್ಟು ಮುಚ್ಚುತ್ತೇನೆ ಎನ್ನುತ್ತಾನೆ. ನನಗಂತೂ ಅದು ಬ್ರೇಸ್ ಹೈಟ್ ಕಡಿಮೆ ಇಟ್ಟುಕೊಂಡವನ ಮಾತಿನ ಹಾಗೇ ಕೇಳಿಸುತ್ತದೆ.

ತಮಾಷೆ ಸಾಕು. ಪೇಡೆಯವರು ಹೇಳಿದ್ದು ನಿಜ, ಆದರೆ ಸ್ವಲ್ಪ ಕಳೆಯಬೇಕು. 50 ಪೌಂಡ್ ಅನ್ನುವುದು 28 ಇಂಚು ಎಳೆದಾಗ. ಇವರು ಎಳೆಯುವುದು ಇಪ್ಪತ್ತಾರೂವರೆ. ಇಂಚಿಗೆ ಎರಡೂವರೆ ಪೌಂಡಿನ ಲೆಕ್ಕ ಹಿಡಿದರೆ ಕೈಗೆ ಬರುವುದು 46ರ ಆಸುಪಾಸು. ಹಳೆ ಬಿಲ್ಲಿನ ಬರಹವನ್ನು ನಂಬಬೇಡಿ, ತೂಗಿ. ಊರಿಗೆ ಹೊರಡುವಾಗ ಸೂಟ್‌ಕೇಸಿಗೆ ನೇತುಹಾಕುವ ಸ್ಕೇಲ್ ಎಲ್ಲರ ಮನೆಯಲ್ಲೂ ಇದೆಯಲ್ಲ, ಅದೇ ಸಾಕು. ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ನಿಮ್ಮ ಎಳೆತದಷ್ಟು ಎಳೆದು ಓದಿ.

ಹಿಡಿತದ ಬಗ್ಗೆ. ರಿಕರ್ವ್‌ನಲ್ಲಿ ಕಲಿತ ಸಡಿಲ ಹಿಡಿತ ಹಿಲ್ ಮಾದರಿಗೆ ಆಗಿಬರುವುದಿಲ್ಲ. ಆ ನೇರ ಹಿಡಿಯನ್ನು ಹಿಡಿಯಬೇಕಾದ್ದು, ಮತ್ತೆ ಅದೇ ಉಪಮೆ, ಸೂಟ್‌ಕೇಸಿನ ಹಿಡಿಕೆ ಹಿಡಿದ ಹಾಗೆ: ಮಣಿಕಟ್ಟು ಕೆಳಗೆ, ಅಂಗೈಯ ಬುಡ ಬಿಲ್ಲಿಗೆ ತಾಗಿರಲಿ, ಬೆರಳು ಸುತ್ತಿರಲಿ, ಆದರೆ ಹಿಂಡಬೇಡಿ. ಮೊಣಕೈ ಒಂದಿಷ್ಟೇ ಮಡಚಿರಲಿ. ಪೂರ್ತಿ ಚಾಚಿ ಲಾಕ್ ಮಾಡಿದರೆ ಹೊಡೆತ ಎಲುಬಿನಿಂದ ಎಲುಬಿಗೆ ಹೋಗಿ ಭುಜದಲ್ಲಿ ನಿಲ್ಲುತ್ತದೆ. ಮಡಚಿದ್ದರೆ ಸ್ನಾಯು ಹೀರಿಕೊಳ್ಳುತ್ತದೆ.

ಮೇಷ್ಟ್ರಗಣಿತ
ಹಿಡಿತ ಬದಲಿಸಿದರೆ ಬಿಲ್ಲಿನಲ್ಲಿ ಉಳಿದ ಶಕ್ತಿ ಕಡಿಮೆಯಾಗುವುದಿಲ್ಲ ಸರ್. ಅದು ನೋವನ್ನು ಹಂಚುತ್ತದೆ, ಅಷ್ಟೇ. ರಿಫ್ಲೆಕ್ಸ್-ಡಿಫ್ಲೆಕ್ಸ್ ತಯಾರಾದದ್ದೇ ಇದಕ್ಕೆ. ಲಿಂಬ್ ಹಿಡಿಯ ಹತ್ತಿರ ನಮ್ಮ ಕಡೆ ಬಾಗಿ, ತುದಿಯಲ್ಲಿ ಮತ್ತೆ ಗುರಿಯ ಕಡೆ ತಿರುಗುತ್ತದೆ. ಬಿಲ್ಲು ಕೈಯಲ್ಲಿ ನೆಟ್ಟಗೆ ಕೂರುತ್ತದೆ. ಒಂದೇ ಬಾಣ ಹಾಕಿ ಎರಡನ್ನೂ ಹೋಲಿಸಿದರೂ ಇವರಿಗೆ ವ್ಯತ್ಯಾಸ ಗೊತ್ತಾಗಿದೆ. ಅದನ್ನು ಕೈತಪ್ಪು ಎಂದು ತಳ್ಳಿಹಾಕಬೇಡಿ.

ಕೊಡಲಿಕಾವು
ತಳ್ಳಿಹಾಕಿಲ್ಲ. ಹಿಲ್ ಮಾದರಿ ಎಂದೂ ಬೆಣ್ಣೆ ಆಗುವುದಿಲ್ಲ. ಹಾರೆ ಬಂಡೆಗೆ ತಾಗಿದ ಹಾಗಿರುವುದು ಒನಕೆ ಭತ್ತಕ್ಕೆ ಬಿದ್ದ ಹಾಗೆ ಆಗಬಹುದು. ಆ ಧಪ್ ಅನ್ನುವುದನ್ನು ಇಷ್ಟಪಡುವವರಿದ್ದಾರೆ, ನಾನೊಬ್ಬ.

ಟೀ ಮತ್ತು ಯೂ ಮರ
ಯಾರ್ಕ್‌ಶೈರ್‌ನಿಂದ, ಮೂಲ ಮೈಸೂರು. ನನ್ನದು ಇಂಗ್ಲಿಷ್ ಲಾಂಗ್‌ಬೋ. ಅಡ್ಡ ಕೊಯ್ದು ನೋಡಿದರೆ ಡಿ ಅಕ್ಷರದ ಆಕಾರ, ತುದಿಗೆ ಹೆದೆ ಸಿಕ್ಕಿಸುವ ಕೊಂಬಿನ ನಾಕ್, ಬಾಣ ಕೂರಲು ಕಟ್ಟೆಯೂ ಇಲ್ಲ, ನಮ್ಮ ಬೆರಳ ಗೆಣ್ಣೇ ಕಟ್ಟೆ. ಎಳೆತ 38 ಪೌಂಡ್. ಕೇಳಿದವರು ನಗುತ್ತಾರೆ, ಇಷ್ಟೇನಾ ಅಂತ. ನಗಲಿ.

ಇಲ್ಲಿ ಯಾರ್ಕ್ ರೌಂಡ್ ಅಂತ ಒಂದು ಸ್ಪರ್ಧೆ ಇದೆ. ನೂರು ಗಜಕ್ಕೆ ಆರು ಡಜನ್, ಎಂಬತ್ತಕ್ಕೆ ನಾಲ್ಕು, ಅರವತ್ತಕ್ಕೆ ಎರಡು. ಒಟ್ಟು 144 ಬಾಣ. ಅಂಗಡಿಯಲ್ಲಿ, ಮಾರುವವರ ಹಿತ್ತಲಲ್ಲಿ ನಾಲ್ಕು ಬಾಣ ಬಿಟ್ಟು ಆರಾಮ ಇದೆ, ಇಲ್ಲ ಅಂತ ಹೇಳುವುದು ಸುಲಭ. ನನ್ನ ಮೊದಲ ಬಿಲ್ಲು, ಅದೂ ಹಳೆಯದೇ, ಮೊದಲ ಮೂರು ಡಜನ್ ಬಂಗಾರದಂತೆ ನಡೆಯಿತು. ಐದನೇ ಡಜನ್‌ಗೆ ಹೆಬ್ಬೆರಳ ಬುಡ ನೀಲಿ. ಎಂಟನೆಯದಕ್ಕೆ ಬಿಡುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಹೊಡೆತ ಬರುತ್ತದೆ ಅಂತ ಕೈಗೆ ಮೊದಲೇ ಗೊತ್ತಾಗಿ, ಬಾಣ ಹೊರಡುವ ಕ್ಷಣದಲ್ಲಿ ಬಿಲ್ಲನ್ನು ಕೆಳಕ್ಕೆ ತಳ್ಳುತ್ತಿತ್ತು. ಆ ಚಾಳಿ ಬಿಡಿಸಿಕೊಳ್ಳಲು ಒಂದು ಚಳಿಗಾಲ ಪೂರ್ತಿ ಬೇಕಾಯಿತು. ಆದ್ದರಿಂದ ತಮ್ಮಾ, ಕನಿಷ್ಠ ಎರಡು ಡಜನ್ ಬಿಟ್ಟು ನೋಡು. ಮಾರುವವರು ಬೇಡ ಅಂದರೆ ಕೊಳ್ಳಬೇಡ.

ಒಂದು ಸಣ್ಣ ಗುಟ್ಟು. ವರ್ಷಾನುಗಟ್ಟಲೆ ಬಳಸಿದ ಬರೀ ಮರದ ಬಿಲ್ಲು ಹೆದೆ ಇಳಿಸಿದ ಮೇಲೂ ಸ್ವಲ್ಪ ನಮ್ಮ ಕಡೆ ಬಾಗಿಯೇ ಇರುತ್ತದೆ. ವೇಗ ತಗ್ಗಿರುತ್ತದೆ, ಕೈಗೆ ಮಾತ್ರ ಮೆತ್ತಗೆ. ಹಳೆಯದು ಅಂತ ಮೂಗು ಮುರಿಯುವವರು ಬಿಟ್ಟುಹೋದ ಅಂಥ ಬಿಲ್ಲನ್ನೇ ನಾನೀಗ ಬಳಸುತ್ತಿರುವುದು.

ಪೋರ್ಟ್ಸ್‌ಮತ್‌ಗೆ ಬಂದರೆ ಮೇರಿ ರೋಸ್ ನೋಡಿ. 1545ರಲ್ಲಿ ಮುಳುಗಿದ ಹಡಗು, 1982ರಲ್ಲಿ ಮೇಲೆತ್ತಿದರು. ಇಡಿಯಾಗಿ ಉಳಿದ ಬಿಲ್ಲುಗಳೇ 137. ಅವುಗಳ ಎಳೆತ ನೂರು ಪೌಂಡು, ಅದಕ್ಕೂ ಮೇಲೆ ಎಂದು ಲೆಕ್ಕ ಹಾಕಿದ್ದಾರೆ. ಗಾಜಿನ ಈಚೆ ನಿಂತವಳಿಗೆ ನನ್ನ 38 ಪೌಂಡ್ ನೆನಪಾಗಿ ನಗು ಬಂತು.

ಬಿದಿರುಮೆಳೆ
ಪುತ್ತೂರಿನವ, ಈಗ ಬೆಂಗಳೂರು. ಇಲ್ಲಿ ಹಳೆ ಲಾಂಗ್‌ಬೋ ಮಾರಾಟಕ್ಕೆ ಬರುವುದನ್ನು ನಾನಂತೂ ನೋಡಿಲ್ಲ ಮಾರಾಯ್ರೆ. ಶುರು ಮಾಡಿದ್ದು ಇಂಡಿಯನ್ ರೌಂಡ್ ಸ್ಪರ್ಧೆಯ ಬಿದಿರಿನ ಬಿಲ್ಲಿನಲ್ಲಿ, 30 ಮೀಟರ್ ಮತ್ತು 50 ಮೀಟರ್. ಅದೂ ಹಗುರ, ಅದೂ ಕೈಗೆ ಕೊಡುತ್ತದೆ. ನಮ್ಮ ಕೋಚ್ ಹೇಳುತ್ತಿದ್ದದ್ದು ಒಂದೇ ಮಾತು: ಸದ್ದು ಕೇಳು. ಹೆದೆ ಠಣ್ ಅಂದರೆ ಎಲ್ಲೋ ಏನೋ ಸರಿಯಿಲ್ಲ, ಮಂದವಾಗಿ ಧುಂ ಅಂದರೆ ಸರಿಯುಂಟು.

ಬ್ರೇಸ್ ಹೈಟನ್ನು ಹೆದೆ ಹುರಿ ಮಾಡಿಯೇ ಸರಿ ಮಾಡುವುದು. ಹುರಿ ಜಾಸ್ತಿ ಹಾಕಿದರೆ ಹೆದೆ ಗಿಡ್ಡ, ಬ್ರೇಸ್ ಹೈಟ್ ಮೇಲೆ. ನಾಲ್ಕೈದು ಸುತ್ತು ಹಾಕು, ಮೂರು ಬಾಣ ಬಿಡು, ಕೇಳು. ಮತ್ತೆ ಹಾಕು. ಒಂದು ಕಡೆ ಸದ್ದು ತನ್ನಿಂತಾನೇ ತಣ್ಣಗಾಗುತ್ತದೆ. ಅದೇ ಆ ಬಿಲ್ಲಿನ ಜಾಗ. ಪುಸ್ತಕದ ನಂಬರ್ ಆಮೇಲೆ.

ಕೊಡಲಿಕಾವು
ನೂರಕ್ಕೆ ನೂರು. ನಂಬರ್ ಬೇಕೇ ಬೇಕು ಅನ್ನುವವರಿಗೆ: ಹಿಲ್ ಮಾದರಿಗೆ ಆರರಿಂದ ಆರೂವರೆ, ರಿಫ್ಲೆಕ್ಸ್-ಡಿಫ್ಲೆಕ್ಸ್‌ಗೆ ಏಳರಿಂದ ಏಳೂವರೆ ಇಂಚಿನಲ್ಲಿ ಶುರು ಮಾಡಿ.

ಧಾರವಾಡದ ಪೇಡೆ
ಹೆದಿ ಯಾವುದು ಹಾಕಬೇಕ್ರೀ? ಡೇಕ್ರಾನ್ ನೂಲಿಂದು ಬ್ಯಾಡ, ಫಾಸ್ಟ್ ಫ್ಲೈಟ್ ನೂಲಿಂದು ಹಾಕು ಅಂತ ನಮ್ಮ ಕ್ಲಬ್ಬಿನ್ಯಾಗ ಒಬ್ಬಾಂವ ಜೀವಾ ತಿಂತಾನ. ಹೆದಿ ತೆಳ್ಳಗ, ಹಗುರ, ಹಿಂಗಾಗಿ ಶಾಕ್ ಕಮ್ಮಿ ಅಂತ.

ಮೇಷ್ಟ್ರಗಣಿತ
ಹೆದೆ ಹಗುರವಾದರೆ ಕಾಣದ ತೂಕ ಇಳಿಯುತ್ತದೆ, ಅದು ನಿಜ. ಆದರೆ ಫಾಸ್ಟ್ ಫ್ಲೈಟ್ ಹಿಗ್ಗುವುದಿಲ್ಲ, ಆದ್ದರಿಂದ ಲಿಂಬ್ ನಿಲ್ಲುವುದು ಇನ್ನೂ ಗಕ್ಕನೆ. ಡೇಕ್ರಾನ್ ಸ್ವಲ್ಪ ಹಿಗ್ಗಿ ಕುಶನ್ ಕೊಡುತ್ತದೆ. ಕೆಲವರ ಕೈಗೆ ಅದು ಹಿತ, ಕೆಲವರ ಕೈಗೆ ಇದು.

ಕೊಡಲಿಕಾವು
ಇಲ್ಲಿ ಹಿತದ ಪ್ರಶ್ನೆಯೇ ಇಲ್ಲ. ಎಂಬತ್ತರ ದಶಕದ ಬಿಲ್ಲು ಅಂದಿರಿ. ತುದಿಗಳನ್ನು ಗಟ್ಟಿ ಮಾಡಿಲ್ಲದ ಹಳೆ ಬಿಲ್ಲಿಗೆ ಹಿಗ್ಗದ ಹೆದೆ ಹಾಕಿದರೆ ನಾಕ್ ಸೀಳಬಹುದು. ಮಾಡಿದವರೇ ಹೇಳಿಲ್ಲದಿದ್ದರೆ ಡೇಕ್ರಾನ್, ಮಾತು ಮುಗಿಯಿತು.

ಕೈಗೆ ಹೊಡೆಯುವುದು ಬಿಡಿ, ಹಳೆ ಬಿಲ್ಲಿನಲ್ಲಿ ಮೊದಲು ನೋಡಬೇಕಾದ್ದು ಮುರಿಯುತ್ತದೋ ಇಲ್ಲವೋ ಅಂತ. ನಾನೇ ಒಮ್ಮೆ ಸಂತೆಯಂಥ ಕಡೆ ಫೋಟೋ ಹಾಗಿದ್ದ ಬಿಲ್ಲಿಗೆ ಮರುಳಾಗಿ ತಂದೆ. ಹದಿನೈದು ದಿನ ಕೈ ಅದುರಿತು. ಬ್ರೇಸ್ ಹೈಟ್ ತಿದ್ದಿದೆ, ಬಾಣ ತೂಕ ಮಾಡಿದೆ, ಏನೂ ಆಗಲಿಲ್ಲ. ಕೊನೆಗೊಂದು ಸಂಜೆ ಹತ್ತಿಯ ಉಂಡೆ ತೆಗೆದುಕೊಂಡು ಲಿಂಬ್ ಅಂಚಿನುದ್ದಕ್ಕೂ ಸವರಿದೆ. ಕೆಳ ಲಿಂಬ್ ರೈಸರ್‌ಗೆ ಸೇರುವ ಕಡೆ ಎರಡು ಎಳೆ ಸಿಕ್ಕಿಕೊಂಡಿತು. ಅಂಟು ಬಿಟ್ಟಿತ್ತು. ಕಣ್ಣಿಗೆ ಗೆರೆ ಕೂಡ ಕಾಣುತ್ತಿರಲಿಲ್ಲ. ಎರಡು ಲಿಂಬ್ ಬೇರೆ ಬೇರೆ ಹೊತ್ತಿಗೆ ಮನೆ ಸೇರುತ್ತಿದ್ದವು, ಅದೇ ಅದುರು. ಈಗದು ಗೋಡೆಯ ಮೇಲಿದೆ.

ಹತ್ತಿ ಆಯಿತು. ಆಮೇಲೆ ಸ್ಟ್ರಿಂಗರ್ (ಹೆದೆ ಏರಿಸಲೆಂದೇ ಇರುವ ಹಗ್ಗ) ಬಳಸಿ ಹೆದೆ ಏರಿಸಿ, ಕಾಲ ನಡುವೆ ಸಿಕ್ಕಿಸಿ ಬಗ್ಗಿಸಬೇಡಿ, ಲಿಂಬ್ ತಿರುಚಿಕೊಳ್ಳುವುದೇ ಅದರಿಂದ. ತುದಿಯಿಂದ ಕಣ್ಣು ಹಾಯಿಸಿ. ಹೆದೆ ಲಿಂಬ್‌ನ ನಟ್ಟ ನಡುವೆ ಹೋಗಬೇಕು. ಫಿನಿಷ್ ಮೇಲೆ ಜೇಡರ ಬಲೆಯಂಥ ಗೆರೆ ಇದ್ದರೆ ಗಾಬರಿ ಬೇಡ. ಲಿಂಬ್‌ಗೆ ಅಡ್ಡವಾಗಿ, ಉಗುರಿಗೆ ಸಿಕ್ಕುವ ಬಿರುಕಿದ್ದರೆ ಕೈಮುಗಿದು ವಾಪಸ್ ಬನ್ನಿ. ಬಾಣವಿಲ್ಲದೆ ಹೆದೆ ಎಳೆದು ಬಿಡುವ ಹುಡುಗಾಟ ಅಂತೂ ಬೇಡವೇ ಬೇಡ.

ಹೆದೆಯೇರಿಸಿದವ
ಎರಡು ವಾರದ ಮೇಲೆ ವರದಿ.

ಸೂಟ್‌ಕೇಸ್ ಸ್ಕೇಲ್, ಹತ್ತಿ, ಟೇಪು, ಕ್ಲಬ್ಬಿನ ಗೆಳೆಯನಿಂದ ಎರವಲು ತಂದ ಒಂದು ಡಜನ್ ಸೀಡರ್ ಮರದ ಬಾಣ, ಒಂದೊಂದೂ 31 ಗ್ರಾಂ. ಅಜ್ಜ ನನ್ನ ಚೀಲ ನೋಡಿ, ಬಿಲ್ಲು ಕೊಳ್ಳಲು ಬಂದೆಯೋ ಆಪರೇಷನ್ ಮಾಡಲು ಬಂದೆಯೋ ಅಂದರು.

ಹಿಲ್ ಬಿಲ್ಲಿನ ಬ್ರೇಸ್ ಹೈಟ್ ಎಷ್ಟಿತ್ತು ಗೊತ್ತೇ? ಐದೂಕಾಲು. ವರ್ಷಗಟ್ಟಲೆ ಅದೇ ಹೆದೆ, ಹಿಗ್ಗಿ ಹಿಗ್ಗಿ ಅಷ್ಟಕ್ಕೆ ಬಂದಿತ್ತು. ಬಿದಿರುಮೆಳೆ ಅವರು ಹೇಳಿದ ಹಾಗೆ ಐದೈದು ಸುತ್ತು ಹುರಿ ಹಾಕುತ್ತಾ ಹೋದೆ. ಆರೂಕಾಲಿಗೆ ಬಂದಾಗ ಸದ್ದು ಬದಲಾಯಿತು. ನಾನು ಹೇಳುವ ಮುಂಚೆ ಅಜ್ಜನೇ ತಲೆ ಎತ್ತಿ ನೋಡಿದರು.

ಮರದ ಬಾಣ, ಸೂಟ್‌ಕೇಸ್ ಹಿಡಿತ, ಮಡಚಿದ ಮೊಣಕೈ. ಹಾರೆ ಹೋಯಿತು. ಧಪ್ ಉಳಿಯಿತು. ಸ್ಕೇಲ್‌ನಲ್ಲಿ ನನ್ನ ಎಳೆತಕ್ಕೆ 47 ಪೌಂಡ್ ಬಂತು. ಹದಿನೆಂಟನೇ ಬಾಣಕ್ಕೆ ಎಡಗೈ ನಡುಗಿತು, ಪೇಡೆಯವರು ನೆನಪಾದರು. ಎರಡು ಡಜನ್ ಮುಗಿಸಿದೆ ಅಕ್ಕಾ, ಆದರೆ ಕೊನೆಯ ಆರು ಎಲ್ಲಿಗೆ ಹೋದವು ಅಂತ ಕೇಳಬೇಡಿ.

ರಿಫ್ಲೆಕ್ಸ್-ಡಿಫ್ಲೆಕ್ಸ್ ಈಗಲೂ ಬೆಣ್ಣೆಯೇ. ಆದರೆ ತುದಿಯಿಂದ ನೋಡಿದರೆ ಕೆಳ ಲಿಂಬ್‌ನಲ್ಲಿ ಹೆದೆ ನಡುವೆ ಇರಲಿಲ್ಲ, ಎಡಕ್ಕೆ ಸರಿದಿತ್ತು. ಅಜ್ಜನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಇದನ್ನು ಮಾರುವುದಿಲ್ಲ ಅಂತ ಒಳಗಿಟ್ಟರು.

ಹಿಲ್ ಮಾದರಿಯದನ್ನೇ ತಂದೆ, 220ಕ್ಕೆ.

ಮೇಷ್ಟ್ರಗಣಿತ
47 ಪೌಂಡ್ ನಿಮಗೆ ಜಾಸ್ತಿ ಅಂತ ನಿಮ್ಮ ಕೈಯೇ ಹೇಳಿತು. ಆದರೂ ತಂದಿರಿ. ಇನ್ನು ಲೆಕ್ಕ ಹೇಳಿ ಏನು ಪ್ರಯೋಜನ.

ಹೆದೆಯೇರಿಸಿದವ
ಬೈಯಿರಿ ಮೇಷ್ಟ್ರೇ, ತಪ್ಪಿಲ್ಲ. ದಿನಕ್ಕೆ ಹನ್ನೆರಡೇ ಬಾಣ ಅಂತ ಮಾತು ಕೊಟ್ಟುಕೊಂಡಿದ್ದೇನೆ. ಉಳಿದ ಅಭ್ಯಾಸ ಹಳೆ 35ರಲ್ಲೇ. ಮೊಣಕೈ ಚಕಾರವೆತ್ತಿದರೆ ಮಾರುತ್ತೇನೆ.

ಧಾರವಾಡದ ಪೇಡೆ
ಮಾರೋದಾದ್ರ ಮೊದಲ ನಂಗ ಹೇಳ್ರೀ.

ಹೆದೆಯೇರಿಸಿದವ
ಒಂದು ಉಳಿದಿದೆ. ನೆಲಮಾಳಿಗೆಯಲ್ಲಿ ಬಾಣ ಬಿಟ್ಟರೆ ಮೇಲೆ ಅಡುಗೆಮನೆವರೆಗೆ ಕೇಳಿಸುತ್ತದಂತೆ. ಹೆದೆಗೆ ಬೀವರ್ ತುಪ್ಪಳ ಕಟ್ಟಿ ಅಂತ ಅಜ್ಜ ಹೇಳಿದರು. ಎಲ್ಲಿ ಕಟ್ಟಬೇಕು?

ಬಿದಿರುಮೆಳೆ
ಬೀವರ್ ಯಾಕೆ, ಉಣ್ಣೆ ನೂಲು ಸಾಕು. ಒಂದು ಬೆರಳುದ್ದದ ಎಳೆಗಳ ಕಟ್ಟು ಮಾಡಿ ಹೆದೆಯ ಹುರಿಯೊಳಗೆ ತೂರಿಸಿ ಬಿಗಿ ಕಟ್ಟಿ. ಮೇಲಿಂದ ಹೆದೆಯ ಕಾಲು ಭಾಗಕ್ಕೆ ಒಂದು, ಕೆಳಗಿಂದ ಮೂರನೇ ಒಂದು ಭಾಗಕ್ಕೆ ಇನ್ನೊಂದು. ಎರಡೂ ಕಡೆ ಒಂದೇ ದೂರ ಇಡಬೇಡಿ, ಅದುರು ಸರಿಯಾಗಿ ಸಾಯುವುದಿಲ್ಲ. ದೊಡ್ಡ ಕಟ್ಟು ಹಾಕಿದರೆ ಹೆದೆ ಭಾರವಾಗಿ ಮೇಷ್ಟ್ರು ಮತ್ತೆ ಬರುತ್ತಾರೆ.

ಹೆದೆಯೇರಿಸಿದವ
ಸ್ವೆಟರ್ ಹೆಣೆಯುವ ಬುಟ್ಟಿಯಲ್ಲಿ ಹಸಿರು ಉಣ್ಣೆ ಇದೆ. ಕೇಳಿ ತೆಗೆಯುತ್ತೇನೆ.